ರಕ್ತನಾಳದ ಕೀಹೋಲ್ ಚಿಕಿತ್ಸೆಗೆ ಪ್ರಾಣಿ ಮಾದರಿ: ಪ್ರಶ್ನೆಯಿಂದ ಪ್ಯಾಥಾಲಜಿ ಸ್ಲೈಡ್‌ವರೆಗೆ

ವರ್ಷಕ್ಕೆ ಐದಾರು ಸಲವಾದರೂ ಈ ಫೋನ್ ಬರುತ್ತದೆ. ಆ ಕಡೆ ಒಬ್ಬ ಯುವ ಎಂಜಿನಿಯರ್, ಇಲ್ಲವೇ ವ್ಯಾಸ್ಕುಲರ್ ಸರ್ಜರಿ ಓದುತ್ತಿರುವ ಡಾಕ್ಟರ್. ರಕ್ತನಾಳವನ್ನು ಒಳಗಿನಿಂದ ತೆರೆದಿಡುವ ಹೊಸದೊಂದು ಜಾಲರಿ ನಳಿಕೆ, ಅಂದರೆ ಸ್ಟೆಂಟ್, ಮಾಡಿರುತ್ತಾರೆ, ಅಥವಾ ರಕ್ತದ ಹೆಪ್ಪನ್ನು ಎಳೆದು ತೆಗೆಯುವ ತೆಳು ನಳಿಕೆ, ಅಂದರೆ ಕ್ಯಾತಿಟರ್. ಮೊದಲ ಮಾತು ಒಂದೇ: "ಸರ್, ಬೆಂಗಳೂರಲ್ಲಿ ಹಂದಿ ಎಲ್ಲಿ ಸಿಗುತ್ತೆ?"

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವನು. ಪ್ರಯೋಗಕ್ಕೆ ಬರುವ ದೊಡ್ಡ ಪ್ರಾಣಿಗಳಿಗೆ ಅರಿವಳಿಕೆ ಕೊಡುವುದು, ಅವು ಎಚ್ಚರಗೊಂಡ ಮೇಲೆ ನೋಡಿಕೊಳ್ಳುವುದು ನನ್ನ ಕೆಲಸ. ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಹಂದಿ ಎಲ್ಲಿ ಸಿಗುತ್ತದೆ ಎನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹಂದಿಯೇ ಬೇಕಾ, ಅಸಲಿಗೆ ಪ್ರಾಣಿ ಬೇಕಾ ಎಂಬುದು ಅದಕ್ಕೂ ಮೊದಲು ತೀರ್ಮಾನವಾಗಿರಬೇಕು. ಆ ತೀರ್ಮಾನವಿಲ್ಲದೆ ಟೇಬಲ್ ಮೇಲೆ ಮಲಗಿಸಿದ ಪ್ರಾಣಿಯ ಜೀವ ಯಾರಿಗೂ ಉಪಯೋಗವಾಗದೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಈ ಇಡೀ ಚಿಕಿತ್ಸಾ ಪದ್ಧತಿ ಪ್ರಾಣಿಗಳ ಋಣದಲ್ಲಿದೆ, ಅದನ್ನು ಮರೆಯಬಾರದು. ಚಾರ್ಲ್ಸ್ ಡಾಟರ್ 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಮುಚ್ಚಿಹೋಗುತ್ತಿದ್ದ ಕಾಲಿನ ಆರ್ಟರಿಯನ್ನು (ಅಪಧಮನಿ) ಚರ್ಮದ ರಂಧ್ರದ ಮೂಲಕವೇ ಹಿಗ್ಗಿಸಿ ತೋರಿಸಿದರು. 1969ರಲ್ಲಿ ನಾಯಿಗಳ ಕಾಲಿನ ಆರ್ಟರಿಯೊಳಗೆ ತಂತಿಯ ಸುರುಳಿ ಇಟ್ಟು ನೋಡಿದವರೂ ಅವರೇ. ಆಂಡ್ರಿಯಾಸ್ ಗ್ರುಂಟ್‌ಜಿಗ್ 1977ರಲ್ಲಿ ಮನುಷ್ಯರ ಹೃದಯದ ಆರ್ಟರಿಯಲ್ಲಿ ಬಲೂನ್ ಊದುವ ಮುಂಚೆ ನಾಯಿಗಳಲ್ಲಿ ಪರೀಕ್ಷಿಸಿದ್ದರು. ಹುವಾನ್ ಪರೋಡಿ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಟ್ಟೆಯ ಅಯೋರ್ಟಾದ (ಹೃದಯದಿಂದ ಹೊರಡುವ ದೊಡ್ಡ ಆರ್ಟರಿ) ಊತವನ್ನು ಒಳಗಿನಿಂದಲೇ ಸ್ಟೆಂಟ್-ಗ್ರಾಫ್ಟ್ (ಬಟ್ಟೆ ಹೊದಿಸಿದ ಸ್ಟೆಂಟ್) ಹಾಕಿ ಸರಿಪಡಿಸಿದ್ದೂ ನಾಯಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಬಳಿಕ. ನಮ್ಮ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹೃದಯ ಕವಾಟ 1990ರ ಡಿಸೆಂಬರ್‌ನಲ್ಲಿ ಮನುಷ್ಯರೊಳಗೆ ಹೋಗುವ ಮೊದಲು ಕುರಿಗಳ ಎದೆಯಲ್ಲಿ ಬಡಿದಿತ್ತು.

ಹೆಜ್ಜೆ 1: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ನಮ್ಮ ಸಾಧನ ಕೆಲಸ ಮಾಡುತ್ತದಾ ನೋಡಬೇಕು" ಎಂದು ಬರೆದರೆ ಅದು ಪ್ರಶ್ನೆಯಾಗುವುದಿಲ್ಲ. ಸಾಧನವನ್ನು ತೊಡೆಯ ಸಂದಿನಿಂದ ಗುರಿಯವರೆಗೆ ಒಯ್ಯಲು ಆಗುತ್ತದಾ ಎಂಬುದು ಒಂದು ಪ್ರಶ್ನೆ. ಒಯ್ಯುವಾಗ ನಾಳದ ಒಳಪದರ ಸೀಳುತ್ತದಾ, ಹೆಪ್ಪು ಕಟ್ಟುತ್ತದಾ ಎಂಬುದು ಇನ್ನೊಂದು. ಒಳಗೆ ಬಿಟ್ಟ ಮೇಲೆ ತಿಂಗಳುಗಳ ಕಾಲ ನಾಳದ ಗೋಡೆ ಅದನ್ನು ಹೇಗೆ ಸ್ವೀಕರಿಸುತ್ತದೆ ಎಂಬುದು ಮೂರನೆಯದು. ರೋಗವಿರುವ ನಾಳದಲ್ಲಿ ಅದು ರೋಗವನ್ನು ಗುಣಪಡಿಸುತ್ತದಾ ಎಂಬುದು ಪೂರ್ತಿ ಬೇರೆಯದು, ಎಲ್ಲಕ್ಕಿಂತ ಕಷ್ಟದ್ದು.

ಮೊದಲೆರಡಕ್ಕೆ ಒಂದೇ ದಿನದ ಪ್ರಯೋಗ ಸಾಕು. ಪ್ರಾಣಿಯನ್ನು ಮತ್ತೆ ಎಚ್ಚರಗೊಳಿಸದೆ ಅರಿವಳಿಕೆಯಲ್ಲೇ ಮುಗಿಸಬಹುದು, ಅದಕ್ಕೆ ನೋವು ಗೊತ್ತಾಗುವುದಿಲ್ಲ. ಮೂರನೆಯದಕ್ಕೆ ತಿಂಗಳುಗಟ್ಟಲೆ ಸಾಕಬೇಕು. ನಾಲ್ಕನೆಯದಕ್ಕೆ ಮೊದಲು ರೋಗವನ್ನೇ ಹುಟ್ಟಿಸಬೇಕು. ನಾಲ್ಕನ್ನೂ ಒಂದೇ ಪ್ರಾಣಿಯಲ್ಲಿ ತುರುಕಲು ಹೋದವರು ಒಂದಕ್ಕೂ ಸರಿಯಾದ ಉತ್ತರ ಪಡೆದದ್ದನ್ನು ನಾನು ಕಂಡಿಲ್ಲ.

ಹೆಜ್ಜೆ 2: ಪ್ರಾಣಿಯಿಲ್ಲದೆ ಆಗುವ ಕೆಲಸವನ್ನೆಲ್ಲ ಮುಗಿಸಿ

ಸಿಲಿಕಾನ್ ನಾಳ, ಅದರೊಳಗೆ 37 ಡಿಗ್ರಿಯ ನೀರು ಹರಿಸುವ ಪಂಪು. ತಂತಿ ತಿರುಗುತ್ತದಾ, ಬಲೂನು ಎಷ್ಟು ಒತ್ತಡಕ್ಕೆ ಒಡೆಯುತ್ತದೆ, ಸ್ಟೆಂಟ್ ಅರ್ಧ ಬಿಚ್ಚಿಕೊಂಡು ನಿಲ್ಲುತ್ತದಾ, ಇವೆಲ್ಲ ಅಲ್ಲೇ ಗೊತ್ತಾಗಬೇಕು. ಮುಂದೆ ಮಾಂಸದಂಗಡಿ. ಶಿವಾಜಿನಗರದಲ್ಲೋ ಟ್ಯಾನರಿ ರಸ್ತೆಯ ಕಡೆಯೋ ಬೆಳಗಿನ ಜಾವ ಹೋಗಿ ಕೇಳಿಕೊಂಡರೆ ಆಗಷ್ಟೇ ತೆಗೆದ ಕುರಿಯ ಅಯೋರ್ಟಾವನ್ನು ಹೃದಯದ ಸಮೇತ ಕೊಡುತ್ತಾರೆ. ತಣ್ಣಗಿನ ಸಲೈನಿನಲ್ಲಿಟ್ಟು ತಂದು ಅದೇ ದಿನ ಬಳಸಿ. ಊಟಕ್ಕಾಗಿ ಹೇಗೂ ಕಡಿದ ಪ್ರಾಣಿ, ಹೊಸದಾಗಿ ಒಂದು ಜೀವ ಹೋಗಿಲ್ಲ. ಹೊಲಿಗೆ ಹಿಡಿಯುತ್ತದಾ, ಸ್ಟೆಂಟಿನ ಮೊನೆ ಗೋಡೆಯನ್ನು ಚುಚ್ಚುತ್ತದಾ ಎಂದು ನೋಡಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಸರ್ಜನ್ನರಿಗೆ ಇನ್ನೊಂದು ಮಾತು. ಕೈ ಪಳಗಿಸಿಕೊಳ್ಳಲು ಮಾತ್ರ ಪ್ರಾಣಿ ಬೇಕು ಎಂದರೆ ಕಾನೂನು ಅಡ್ಡ ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್, ಬರೀ ಕೈಚಳಕ ಕಲಿಯಲು ಪ್ರಯೋಗ ಮಾಡುವುದನ್ನು ಆದಷ್ಟೂ ತಪ್ಪಿಸಬೇಕು ಎನ್ನುತ್ತದೆ. ಸಣ್ಣ ಪ್ರಾಣಿಯಲ್ಲಿ ಸಿಗುವ ಉತ್ತರಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದು ಎನ್ನುವುದೂ ಅಲ್ಲೇ ಇದೆ. ಅಭ್ಯಾಸವನ್ನು ಸಿಮ್ಯುಲೇಟರ್ ಮೇಲೆ, ದೇಹದಾನದಿಂದ ಬಂದ ಶರೀರಗಳ ಮೇಲೆ ಮಾಡಿ.

ಹೆಜ್ಜೆ 3: ಪ್ರಾಣಿಯನ್ನು ಆರಿಸಿ

ಹಂದಿಯಿಂದ ಶುರು ಮಾಡೋಣ, ಎಲ್ಲರೂ ಕೇಳುವುದು ಅದನ್ನೇ. 30ರಿಂದ 40 ಕಿಲೋ ತೂಗುವ ಹಂದಿಯ ಹೃದಯ, ಅದಕ್ಕೆ ರಕ್ತ ಕೊಡುವ ಕರೊನರಿ ಆರ್ಟರಿಗಳ ಅಳತೆ, ಹಂಚಿಕೆ ನಮ್ಮದಕ್ಕೆ ಬಹಳ ಹತ್ತಿರ. ಮನುಷ್ಯರಿಗೆಂದು ಮಾಡಿದ 6 ಫ್ರೆಂಚ್ (ಸುಮಾರು 2 ಮಿಲಿಮೀಟರ್ ದಪ್ಪದ) ಕ್ಯಾತಿಟರ್, 3 ಮಿಲಿಮೀಟರ್ ಸ್ಟೆಂಟ್ ಏನೂ ಬದಲಾಯಿಸದೆ ಹೋಗುತ್ತವೆ. ಪಕ್ಕದಾರಿಯ ರಕ್ತನಾಳಗಳು ಹಂದಿಯ ಹೃದಯದಲ್ಲಿ ಕಡಿಮೆ; ಒಂದು ಆರ್ಟರಿ ಮುಚ್ಚಿದರೆ ಆ ಭಾಗ ನಿಜಕ್ಕೂ ಸಾಯುತ್ತದೆ. ನಾಯಿಯ ಹೃದಯದಲ್ಲಿ ಪಕ್ಕದಾರಿಗಳು ಧಾರಾಳ, ರಕ್ತದ ಹೆಪ್ಪನ್ನು ತಾನೇ ಕರಗಿಸಿಕೊಳ್ಳುವ ಶಕ್ತಿಯೂ ಜಾಸ್ತಿ. ಈ ಕ್ಷೇತ್ರ ನಾಯಿಯಿಂದ ದೂರ ಸರಿಯಲು ಇದೂ ಒಂದು ಕಾರಣ, ಅದು ಒಳ್ಳೆಯದೇ ಆಯಿತು.

ಆದರೆ ಹಂದಿಯ ನಾಳದ ನಕ್ಷೆ ನಮ್ಮದಲ್ಲ, ಹಲವರು ಮುಗ್ಗರಿಸುವುದು ಇಲ್ಲಿ. ನಮ್ಮ ಅಯೋರ್ಟಾದ ಕಮಾನಿನಿಂದ ಮೂರು ಕವಲು ಹೊರಡುತ್ತವೆ, ಹಂದಿಯಲ್ಲಿ ಎರಡೇ. ಕುತ್ತಿಗೆಯಲ್ಲಿ ತಲೆಯ ಕಡೆ ಹೋಗುವ ಎರಡೂ ಕೆರೋಟಿಡ್‌ಗಳು ಒಂದೇ ಬುಡದಿಂದ ಏಳುತ್ತವೆ. ಹೊಟ್ಟೆಯ ಕೆಳಗೆ ನಮ್ಮದು ಎರಡಾಗಿ ಸೀಳುತ್ತದೆ. ಹಂದಿಯಲ್ಲಿ ಆಚೀಚೆ ಕಾಲಿಗೆ ಹೋಗುವ ಎರಡು ಹೊರ ಇಲಿಯಾಕ್‌ಗಳು ಹೊರಟು, ಕಿಬ್ಬೊಟ್ಟೆಗೆ ಹೋಗುವ ಒಳ ಇಲಿಯಾಕ್‌ಗಳೆರಡಕ್ಕೂ ಸೇರಿದ ಒಂದು ಕಾಂಡ ನಡುವೆ ಮುಂದುವರಿಯುತ್ತದೆ. ಪ್ಯಾಂಟಿನಂತೆ ಎರಡು ಕಾಲಿರುವ ಸ್ಟೆಂಟ್-ಗ್ರಾಫ್ಟನ್ನು ಇಲ್ಲಿ ಪರೀಕ್ಷಿಸಲು ಹೊರಟರೆ ನಡುವಿನ ಕಾಂಡ ಮುಚ್ಚಿಹೋಗುತ್ತದೆ. ಅಯೋರ್ಟಾದ ಅಗಲವೂ ನಮ್ಮದರ ಅರ್ಧದಷ್ಟು.

ಮೆದುಳಿನ ಕಡೆ ಹೋಗುವವರಿಗೆ ಹಂದಿಯ ತಲೆಬುರುಡೆಯ ತಳದಲ್ಲಿ ಗೋಡೆಯೇ ಇದೆ. ಮೆದುಳಿಗೆ ಹೋಗುವ ರಕ್ತ ಅಲ್ಲಿ ಸಣ್ಣ ಸಣ್ಣ ನಾಳಗಳ ಒಂದು ಜಾಲವನ್ನು ಹಾದುಹೋಗುತ್ತದೆ. ರೀಟಿ ಮಿರಾಬಿಲಿ, ಅದ್ಭುತ ಜಾಲ ಎಂದು ಅದರ ಹೆಸರು. ಕ್ಯಾತಿಟರ್ ಅದನ್ನು ದಾಟುವುದಿಲ್ಲ. ಕುರಿಯಲ್ಲೂ ಇದೆ. ಎರಡನೇ ಶತಮಾನದ ಗ್ಯಾಲೆನ್ ಈ ಜಾಲವನ್ನು ಪ್ರಾಣಿಗಳಲ್ಲಿ ಕಂಡು ಮನುಷ್ಯರಲ್ಲೂ ಇದೆ ಎಂದು ಬರೆದ. ಮನುಷ್ಯರಲ್ಲಿ ಅದು ಇಲ್ಲವೆಂದು 1543ರಲ್ಲಿ ವೆಸಾಲಿಯಸ್ ಬರೆಯುವ ಹೊತ್ತಿಗೆ ಸಾವಿರ ವರ್ಷ ದಾಟಿತ್ತು. ಪ್ರಾಣಿ ಮಾದರಿ ಬಳಸುವ ಪ್ರತಿಯೊಬ್ಬರಿಗೂ ನಾನು ಈ ಕಥೆ ಹೇಳುತ್ತೇನೆ. ಅದೇ ಜಾಲವನ್ನು ಜಾಣತನದಿಂದ ಬಳಸಿಕೊಂಡವರೂ ಇದ್ದಾರೆ: ಮೆದುಳಿನ ರಕ್ತನಾಳಗಳ ಹುಟ್ಟುಗಂಟನ್ನು ಅಂಟುದ್ರವದಿಂದ ಮುಚ್ಚುವ ಚಿಕಿತ್ಸೆಗೆ ಹಂದಿಯ ಈ ಜಾಲವೇ ಮಾದರಿಯಾಗಿದೆ.

ಹಂದಿಯ ಇನ್ನೊಂದು ತೊಂದರೆ ಅದರ ಬೆಳವಣಿಗೆ. ನನ್ನ ವೃತ್ತಿಯ ಆರಂಭದಲ್ಲಿ ಒಂದು ತಂಡ ಯಾರ್ಕ್‌ಷೈರ್ ಹಂದಿಗಳ ಇಲಿಯಾಕ್‌ನಲ್ಲಿ ಸ್ಟೆಂಟ್ ಇಟ್ಟು ಆರು ತಿಂಗಳು ಕಾಯಿತು. 35 ಕಿಲೋ ಇದ್ದವು ನೂರು ಕಿಲೋ ದಾಟಿದವು. ಪ್ರಾಣಿಯ ಜೊತೆ ನಾಳವೂ ಬೆಳೆಯಿತು, ಸ್ಟೆಂಟ್ ಬೆಳೆಯಲಿಲ್ಲ. ಕೊನೆಗೆ ಕಂಡ ಕಿರಿದಾಗುವಿಕೆ ಸಾಧನದ ದೋಷವೋ ಬೆಳವಣಿಗೆಯದೋ ಹೇಳಲು ಯಾರಿಗೂ ಆಗಲಿಲ್ಲ. ನೂರು ಕಿಲೋ ಪ್ರಾಣಿಯನ್ನು ಟೇಬಲ್ ಮೇಲೆ ಎತ್ತಿ ಮಲಗಿಸುವುದೇ ಸಾಹಸವಾಯಿತು. ಅರಿವಳಿಕೆ ಕೊಟ್ಟವನು ನಾನೇ. ಶುರುವಿನಲ್ಲೇ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಆ ಪ್ರಾಣಿಗಳು ಈಗಲೂ ನೆನಪಾಗುತ್ತವೆ. ವಿದೇಶಗಳಲ್ಲಿ ಇದಕ್ಕೆಂದೇ ಗಾಟಿಂಗನ್, ಯುಕಟಾನ್‌ನಂಥ ಗಿಡ್ಡ ತಳಿಯ ಹಂದಿಗಳಿವೆ. ನಮ್ಮಲ್ಲಿ ದೀರ್ಘಾವಧಿಯ ಕೆಲಸಕ್ಕೆ ಬೆಳೆದು ನಿಂತ ಕುರಿಯೇ ವಾಸಿ.

ಬೆಳೆದ ಕುರಿಯ ತೂಕ ಸ್ಥಿರವಾಗಿರುತ್ತದೆ, ಸ್ವಭಾವ ಸೌಮ್ಯ, ಕತ್ತಿನ ಜುಗುಲರ್ ಅಭಿಧಮನಿ ಕೈಗೆ ಸುಲಭವಾಗಿ ಸಿಗುತ್ತದೆ. ಕೃತಕ ರಕ್ತನಾಳ, ಹೃದಯ ಕವಾಟ, ದೀರ್ಘಕಾಲ ಒಳಗಿರುವ ಸಾಧನಗಳಿಗೆ ಕುರಿ ಜಗತ್ತಿನಾದ್ಯಂತ ಒಪ್ಪಿತ ಮಾದರಿ. ತಳಿ ನೋಡಿ ಆರಿಸಿ. ಬನ್ನೂರು ಕುರಿ ರುಚಿಗೆ ಹೆಸರಾದದ್ದು, ಆದರೆ ಗಿಡ್ಡ, ನಾಳಗಳೂ ಸಣ್ಣವು. ಅಯೋರ್ಟಾದ ಕೆಲಸಕ್ಕೆ ಡೆಕ್ಕನಿ ಅಥವಾ ಬಳ್ಳಾರಿ ತಳಿಯ ದೊಡ್ಡ ಪ್ರಾಣಿ ಬೇಕು.

ಮೊಲವನ್ನು ಕಡೆಗಣಿಸುವವರು ಬಹಳ. ಮೊಲದ ಇಲಿಯಾಕ್ ಆರ್ಟರಿ ನಮ್ಮ ಕರೊನರಿಯ ಅಳತೆಗೆ ಹತ್ತಿರ. ಕೊಲೆಸ್ಟರಾಲ್ ಬೆರೆಸಿದ ಆಹಾರ ಕೊಟ್ಟು, ಬಲೂನಿನಿಂದ ಒಳಪದರ ಉಜ್ಜಿದರೆ ಕೆಲವೇ ವಾರಗಳಲ್ಲಿ ಕೊಬ್ಬು ತುಂಬಿದ ಗಂಟುಗಳು ಬರುತ್ತವೆ. ಇಲಿ, ಚಿಟ್ಟಿಲಿಗಳು ರೋಗದ ಮೂಲವನ್ನು ಅರಿಯಲು ಒಳ್ಳೆಯವು. ಸಾಧನವನ್ನು ಒಳಗೆ ಕಳಿಸಲು ಅವುಗಳ ನಾಳ ಸಾಲದು.

ಹೆಜ್ಜೆ 4: ರೋಗವನ್ನು ಹುಟ್ಟಿಸುವುದು

ಪ್ರಯೋಗದ ಪ್ರಾಣಿ ಎಳೆಯದು, ಆರೋಗ್ಯವಂತ. ನಿಮ್ಮ ರೋಗಿಗೆ ಅರವತ್ತೈದು ವರ್ಷ, ಸಕ್ಕರೆ ಕಾಯಿಲೆ, ನಾಳದಲ್ಲಿ ಸುಣ್ಣ ಕಟ್ಟಿದೆ. ಈ ಅಂತರವನ್ನು ಪೂರ್ತಿ ತುಂಬುವ ಮಾದರಿ ಇಲ್ಲ, ಒಂದೊಂದು ಅಂಶವನ್ನು ಮಾತ್ರ ತರಿಸಬಹುದು.

ಸ್ಟೆಂಟ್ ಇಟ್ಟ ನಾಳ ಮತ್ತೆ ಕಿರಿದಾಗುವುದನ್ನು ನೋಡಬೇಕೆ? ಹಂದಿಯ ಕರೊನರಿಯಲ್ಲಿ ನಾಳದ ಅಳತೆಗಿಂತ 10ರಿಂದ 20 ಶೇಕಡ ದೊಡ್ಡದಾಗಿ ಸ್ಟೆಂಟನ್ನು ಹಿಗ್ಗಿಸಿ. ಆ ಗಾಯಕ್ಕೆ ಪ್ರತಿಯಾಗಿ ಒಳಗೋಡೆಯ ಮೇಲೆ ಬೆಳೆಯುವ ಹೊಸ ಪದರಕ್ಕೆ ನಿಯೋಇಂಟಿಮಾ ಎನ್ನುತ್ತಾರೆ. ಹಂದಿಯಲ್ಲಿ ಅದು ಸುಮಾರು 28 ದಿನಕ್ಕೆ ದಟ್ಟವಾಗಿ ಬಂದಿರುತ್ತದೆ, ಮನುಷ್ಯರಲ್ಲಿ ತಿಂಗಳುಗಳು ಬೇಕು. ಔಷಧ ಲೇಪಿಸಿದ ಸ್ಟೆಂಟ್ ಆದರೆ 28 ದಿನಕ್ಕೆ ನಿಲ್ಲಬೇಡಿ, 90 ಮತ್ತು 180 ದಿನಗಳನ್ನೂ ಇಟ್ಟುಕೊಳ್ಳಿ. ಔಷಧ ಇರುವವರೆಗೆ ಬೆಳವಣಿಗೆ ತಡೆದು ನಿಂತು, ಮುಗಿದ ಮೇಲೆ ಲೇಪವಿಲ್ಲದ ಸ್ಟೆಂಟಿನ ಮಟ್ಟಕ್ಕೇ ಬಂದುಬಿಡುವುದು ಹಂದಿಯಲ್ಲಿ ಕಂಡುಬಂದ ಸಂಗತಿ.

ಮೆದುಳಿನ ನಾಳದ ಊತಕ್ಕೆ, ಅಂದರೆ ಅನ್ಯೂರಿಸಂಗೆ, ನನ್ನ ಮೆಚ್ಚಿನದು ಮೊಲದ ಇಲಾಸ್ಟೇಸ್ ಮಾದರಿ. ಬಲ ಕೆರೋಟಿಡ್‌ನ ಬುಡವನ್ನು ಬಲೂನಿನಿಂದ ತಾತ್ಕಾಲಿಕವಾಗಿ ಮುಚ್ಚಿ, ಮೇಲಿನ ತುಂಡಿನೊಳಗೆ ಇಲಾಸ್ಟೇಸ್ ಕಿಣ್ವವನ್ನು ಸುಮಾರು 20 ನಿಮಿಷ ನಿಲ್ಲಿಸಿ, ಆಮೇಲೆ ಮೇಲ್ಭಾಗವನ್ನು ಕಟ್ಟುತ್ತಾರೆ. ಗೋಡೆಯ ಹಿಗ್ಗುವ ನಾರುಗಳು ಕರಗಿ, ಮೂರು ವಾರದಲ್ಲಿ ಮನುಷ್ಯರ ಮೆದುಳಿನ ಅನ್ಯೂರಿಸಂ ಅಳತೆಯದೇ ಚೀಲ ಸಿದ್ಧ. ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿ ಒಳಗೆ ತುಂಬುವ ತಂತಿಸುರುಳಿ, ಅಂದರೆ ಕಾಯಿಲ್‌ನಿಂದ ಮುಚ್ಚಿದರೆ ಶ್ರೇಯ ಕಾಯಿಲ್‌ಗೇ. ಹಂದಿಯ ಕೆರೋಟಿಡ್‌ಗೆ ಅಭಿಧಮನಿಯ ಚೀಲ ಹೊಲಿದು ಮಾಡುವ ಮಾದರಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಹಂದಿಯ ದೇಹ ಅದನ್ನು ತಾನೇ ಮುಚ್ಚಿ ಗುಣಪಡಿಸಿಬಿಡಬಲ್ಲದು. ಹೋಲಿಕೆಗೆ ಚಿಕಿತ್ಸೆ ಕೊಡದ ಚೀಲ ಇಲ್ಲದಿದ್ದರೆ ಮೋಸ ಹೋಗುತ್ತೀರಿ.

ಹೆಪ್ಪು ತೆಗೆಯುವ ಸಾಧನಕ್ಕೆ ಪ್ರಾಣಿಯದೇ ರಕ್ತವನ್ನು, ಹೆಪ್ಪುಗಟ್ಟಿಸುವ ಥ್ರಾಂಬಿನ್ ಬೆರೆಸಿ ಗಟ್ಟಿ ಮಾಡಿ, ಎಕ್ಸ್-ರೇಯಲ್ಲಿ ಕಾಣಲೆಂದು ಬೇರಿಯಂ ಪುಡಿ ಸೇರಿಸಿ, ಕುತ್ತಿಗೆಯ ಆರ್ಟರಿಗೆ ಬಿಡುತ್ತಾರೆ. ಎರಡು ಗಂಟೆಯ ಹೆಪ್ಪು ಬೇರೆ, ರಾತ್ರಿಯಿಡೀ ಇಟ್ಟ ಹೆಪ್ಪು ಬೇರೆ. ವಯಸ್ಸನ್ನು ಬರೆದಿಡಿ.

ಲ್ಯಾಪರೊಸ್ಕೋಪಿಯಿಂದ ಅಯೋರ್ಟಾ ಹೊಲಿಯುವ ಕೆಲಸಕ್ಕೂ ಹಂದಿಯೇ. ಹೊಟ್ಟೆಗೆ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತೀರಿ, ಆಗ ಅಭಿಧಮನಿ ಹರಿದರೆ ಆ ಅನಿಲ ಹೃದಯಕ್ಕೆ ನುಗ್ಗಬಹುದು. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಮಟ್ಟ ತಟ್ಟನೆ ಬಿದ್ದರೆ ಮೊದಲು ಅನಿಲ ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ.

ಹೆಜ್ಜೆ 5: ಅನುಮತಿ

ಇದನ್ನು ಬರೀ ಕಾಗದದ ಕೆಲಸ ಎಂದುಕೊಳ್ಳಬೇಡಿ. ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ, ಸಿಪಿಸಿಎಸ್‌ಇಎ ಎಂದು ಕರೆಯುತ್ತಿದ್ದ ಕೇಂದ್ರ ಸಮಿತಿಯ ಹೆಸರು ಈಗ ಸಿಸಿಎಸ್‌ಇಎ. ಪ್ರಯೋಗ ನಡೆಯುವ ಸಂಸ್ಥೆ ಅಲ್ಲಿ ನೋಂದಾಯಿಸಿರಬೇಕು, ಸಂಸ್ಥೆಯಲ್ಲಿ ಪ್ರಾಣಿ ನೈತಿಕ ಸಮಿತಿ ಇರಬೇಕು. ಆ ಸಮಿತಿಯಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿ, ವಿಜ್ಞಾನಿಯಲ್ಲದ ಒಬ್ಬ ಸಾಮಾಜಿಕ ಸದಸ್ಯ, ಕೇಂದ್ರದ ಪ್ರತಿನಿಧಿ ಎಲ್ಲರೂ ಇರುತ್ತಾರೆ. ಇಲಿ, ಮೊಲದ ಪ್ರಯೋಗಕ್ಕೆ ಈ ಸಮಿತಿಯ ಒಪ್ಪಿಗೆ ಸಾಕು. ಹಂದಿ, ಕುರಿಯಾದರೆ ಫಾರ್ಮ್ ಬಿ ಅರ್ಜಿ ಇಲ್ಲಿಂದ ಶಿಫಾರಸಾಗಿ ಕೇಂದ್ರಕ್ಕೆ ಹೋಗಬೇಕು. ತಿಂಗಳುಗಳು ಹಿಡಿಯುತ್ತದೆ. ಫಂಡಿಂಗ್‌ನ ಗಡುವು ಹಾಕುವಾಗಲೇ ಅದನ್ನು ಸೇರಿಸಿ. ಕೇಂದ್ರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನದಂತೆ 50 ಲಕ್ಷದವರೆಗಿನ ಹಣದಲ್ಲಿ ನಡೆಯುವ ಸಣ್ಣ ಕಂಪನಿಗಳು ಇಲ್ಲೇ ಸಮಯ ಕಳೆದುಕೊಳ್ಳುತ್ತವೆ.

ಅರ್ಜಿಯಲ್ಲಿ ಸಮಿತಿ ಹುಡುಕುವುದು 1959ರಲ್ಲಿ ರಸೆಲ್ ಮತ್ತು ಬರ್ಚ್ ಹೇಳಿದ ಮೂರು ಸಂಗತಿ: ಪ್ರಾಣಿಗೆ ಬದಲಿ ಇದೆಯಾ, ಸಂಖ್ಯೆ ತಗ್ಗಿಸಬಹುದಾ, ನೋವು ಕಡಿಮೆ ಮಾಡಬಹುದಾ. ನಮ್ಮ ದೇಶ ನಾಲ್ಕನೆಯದನ್ನು ಸೇರಿಸಿದೆ: ಪ್ರಯೋಗ ಮುಗಿದ ಮೇಲೆ ಪುನರ್ವಸತಿ. ಹೆಜ್ಜೆ 2ರ ಫಲಿತಾಂಶಗಳನ್ನು ಲಗತ್ತಿಸಿ. ಸಿಲಿಕಾನ್ ನಾಳದ ಫೋಟೋ ನೋಡಿದ ಸಮಿತಿ ನಿಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ.

ಸಾಧನ ಮುಂದೆ ಮನುಷ್ಯರಿಗೆ ಹೋಗಬೇಕಾದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳನ್ನು ಮೊದಲೇ ಓದಿ. ಕರೊನರಿ ಸ್ಟೆಂಟಿನಂಥವು ಅತಿ ಹೆಚ್ಚು ಅಪಾಯದ ಡಿ ವರ್ಗಕ್ಕೆ ಬರುತ್ತವೆ. ಜೈವಿಕ ಹೊಂದಾಣಿಕೆಗೆ ಐಎಸ್‌ಒ 10993, ನಾಳದೊಳಗಿನ ಸಾಧನಗಳಿಗೆ ಐಎಸ್‌ಒ 25539. ಅಂತಿಮ ಸುರಕ್ಷತಾ ಅಧ್ಯಯನವನ್ನು ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಪ್ರಮಾಣಪತ್ರವಿರುವ ಕಡೆ ಮಾಡಿಸಿ. ಪ್ರಾಥಮಿಕ ಪ್ರಯೋಗಗಳಿಗೆ ಅದು ಬೇಕಿಲ್ಲ. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರಕ್ಕೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ, ಒಳಗಿರುವ ಪ್ರತಿಯೊಬ್ಬರಿಗೂ ಸೀಸದ ಏಪ್ರನ್, ವಿಕಿರಣ ಅಳೆಯುವ ಬ್ಯಾಡ್ಜ್. ಪ್ರಾಣಿಯ ಕೋಣೆ ತಾನೇ ಎಂದು ಸಡಿಲ ಬಿಡುವವರಿದ್ದಾರೆ. ಎಕ್ಸ್-ರೇಗೆ ಆ ಭೇದವಿಲ್ಲ.

ಹೆಜ್ಜೆ 6: ಸಂಖ್ಯೆ

ಅಂಕಿಅಂಶ ತಜ್ಞರನ್ನು ಮೊದಲೇ ಕೂರಿಸಿಕೊಳ್ಳಿ. ಒಂದು ಹಂದಿಯ ಹೃದಯದಲ್ಲಿ ಮೂರು ಆರ್ಟರಿ. ಒಂದರಲ್ಲಿ ನಿಮ್ಮ ಸ್ಟೆಂಟ್, ಇನ್ನೊಂದರಲ್ಲಿ ಈಗಾಗಲೇ ಬಳಕೆಯಲ್ಲಿರುವ ಸ್ಟೆಂಟ್ ಇಟ್ಟರೆ ಪ್ರಾಣಿಯೇ ತನಗೆ ತಾನು ಹೋಲಿಕೆಯಾಗುತ್ತದೆ, ಸಂಖ್ಯೆ ತಗ್ಗುತ್ತದೆ. ಯಾವ ಆರ್ಟರಿಗೆ ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸಿ. ಸ್ಲೈಡ್ ನೋಡುವ ಪ್ಯಾಥಾಲಜಿಸ್ಟ್‌ಗೆ ಯಾವುದು ಯಾರದು ಎಂದು ತಿಳಿಯಬಾರದು.

ಹೆಜ್ಜೆ 7: ಪ್ರಾಣಿ ಬರುವುದು

ಈಗ ಕೇಳಬಹುದು, ಎಲ್ಲಿ ಸಿಗುತ್ತದೆ ಎಂದು. ಸಮಿತಿ ಒಪ್ಪಿದ ಮೂಲದಿಂದ, ದಾಖಲೆ ಸಮೇತ. ಸಂತೆಯಲ್ಲಿ ಕೊಂಡ ಪ್ರಾಣಿಗೆ ಲಸಿಕೆಯ ಇತಿಹಾಸ ಇರುವುದಿಲ್ಲ, ಹೊಟ್ಟೆ ತುಂಬ ಜಂತು ಇರುತ್ತವೆ, ಶ್ವಾಸಕೋಶದಲ್ಲಿ ಸೋಂಕು ಅಡಗಿರುತ್ತದೆ. ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಹಂದಿಯನ್ನು ಹಗಲಲ್ಲಿ ಸಾಗಿಸಬೇಡಿ. ಅದಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗದು, ನೆಲಮಂಗಲದ ಟ್ರಾಫಿಕ್‌ನಲ್ಲಿ ಒಂದು ಗಂಟೆ ನಿಂತರೂ ಅಪಾಯ. ಬೆಳಗಿನ ನಾಲ್ಕಕ್ಕೆ ಹೊರಡಿಸಿ. ಬಂದ ಮೇಲೆ ಕನಿಷ್ಠ ಎರಡು ವಾರ ಹೊಂದಿಕೊಳ್ಳಲು ಬಿಡಿ, ರಕ್ತ ಪರೀಕ್ಷೆ ಮಾಡಿಸಿ. ಕುರಿಯನ್ನು ಒಂಟಿಯಾಗಿ ಇಡಲೇಬೇಡಿ. ಹಿಂಡು ಕಾಣದ ಕುರಿ ಮೇವು ಬಿಡುತ್ತದೆ.

ಹೆಜ್ಜೆ 8: ಆ ದಿನ

ಡೋಸುಗಳನ್ನು ನಿಮ್ಮ ಪಶುವೈದ್ಯರು ನಿರ್ಧರಿಸಬೇಕು, ಮನುಷ್ಯರ ಅರಿವಳಿಕೆ ತಜ್ಞರು ಎಷ್ಟೇ ನುರಿತವರಾದರೂ ಅವರೊಬ್ಬರೇ ಅಲ್ಲ. ಹಂದಿಗೆ 12 ಗಂಟೆ ಉಪವಾಸ. ಕುರಿಗೆ 24 ಗಂಟೆ ಮೇವಿಲ್ಲ, ಆದರೂ ಮೆಲುಕು ಚೀಲ ಖಾಲಿಯಾಗುವುದಿಲ್ಲ. ಮಲಗಿಸಿದೊಡನೆ ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ. ಬಾಯಿಂದ ದಪ್ಪ ನಳಿಕೆ ಇಳಿಸಿ ಅನಿಲ ಬಿಡಿ, ಜೊಲ್ಲು ಹೊರಗೆ ಹರಿಯುವಂತೆ ಮೂತಿ ತಗ್ಗಿಸಿ. ಕುರಿಗೆ ಮಂಪರು ಔಷಧ ಜೈಲಜೀನ್ ಬಹಳ ಎಚ್ಚರದಿಂದ, ಹಂದಿಗೆ ಕೊಡುವ ಪ್ರಮಾಣದ ಸಣ್ಣ ಭಾಗ ಮಾತ್ರ. ಶ್ವಾಸಕೋಶದಲ್ಲಿ ನೀರು ತುಂಬಿ ಸಾಯಬಹುದು.

ಹಂದಿಗೆ ಕಿವಿಯ ಹಿಂಬದಿಯ ಅಭಿಧಮನಿಯಲ್ಲಿ ಸೂಜಿ ಹಾಕಿ. ಉಸಿರು ನಳಿಕೆ ಹಾಕುವುದು ಕಷ್ಟ: ಮೂತಿ ಉದ್ದ, ಧ್ವನಿಪೆಟ್ಟಿಗೆ ಮುಟ್ಟಿದರೆ ಬಿಗಿಯುತ್ತದೆ, ಒಳಗೆ ನಳಿಕೆಯ ತುದಿ ಸಿಕ್ಕಿಕೊಳ್ಳುವ ಗುಳಿಯೊಂದಿದೆ. ಮರಗಟ್ಟಿಸುವ ಲಿಗ್ನೊಕೇನ್ ಸಿಂಪಡಿಸಿ ಅರ್ಧ ನಿಮಿಷ ಕಾಯಿರಿ, ತುದಿ ತಡೆದರೆ ಒತ್ತದೆ ತಿರುಗಿಸಿ. ಕೆಲವು ತಳಿಗಳಲ್ಲಿ ಅರಿವಳಿಕೆ ಅನಿಲಕ್ಕೆ ಮೈ ಕಾಯ್ದು ಸ್ನಾಯು ಬಿಗಿಯುವ ವಂಶವಾಹಿ ದೋಷವಿದೆ. ಉಷ್ಣತೆ ಅಳೆಯುವ ಕಡ್ಡಿ ಮೊದಲ ನಿಮಿಷದಿಂದ ಇರಲಿ, ಅದಕ್ಕೆ ಮದ್ದಾದ ಡ್ಯಾಂಟ್ರೋಲೀನ್ ಎಲ್ಲಿ ಸಿಗುತ್ತದೆಂದು ಹಿಂದಿನ ದಿನವೇ ತಿಳಿದಿರಲಿ.

ತೊಡೆಯ ಆರ್ಟರಿ ಹಂದಿಯಲ್ಲಿ ಸ್ನಾಯುಗಳ ಕೆಳಗೆ ಆಳದಲ್ಲಿದೆ, ಒರಟಾಗಿ ಮುಟ್ಟಿದರೆ ಬಿಗಿದುಕೊಂಡು ದಾರದಷ್ಟಾಗುತ್ತದೆ. ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಸೂಜಿಯಿಂದ ಒಂದೇ ಸಲಕ್ಕೆ ಚುಚ್ಚಿ. ಎರಡು ಸಲ ತಪ್ಪಿದರೆ ಹಠ ಮಾಡದೆ ಕುತ್ತಿಗೆಯ ಕೆರೋಟಿಡ್‌ಗೆ ಹೋಗಿ. ಸಾಧನ ಒಳಹೋಗುವ ದಾರಿಯ ನಳಿಕೆ, ಅಂದರೆ ಶೀತ್, ಒಳಗೆ ಕೂತ ಕೂಡಲೇ ಹೆಪ್ಪುಗಟ್ಟದಂತೆ ತಡೆಯುವ ಹೆಪರಿನ್, ಸಾಮಾನ್ಯವಾಗಿ ಕಿಲೋಗೆ 100 ಯೂನಿಟ್, ರಕ್ತ ಹೆಪ್ಪುಗಟ್ಟುವ ಸಮಯ (ಎಸಿಟಿ) 250 ಸೆಕೆಂಡ್ ಮೀರಿದ ಮೇಲೆಯೇ ಸಾಧನ. ಸ್ಟೆಂಟ್ ಇಡುವ ಅಧ್ಯಯನವಾದರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಹಿಂದಿನ ದಿನಗಳಿಂದಲೇ ಹೊಟ್ಟೆಗೆ ಹೋಗಿರಬೇಕು. ಬಾಳೆಹಣ್ಣಿನೊಳಗೆ ಇಟ್ಟರೆ ತಿನ್ನುತ್ತವೆ.

ಕರೊನರಿಗೆ ತಂತಿ ಮುಟ್ಟಿದಾಗ ಹಂದಿಯ ಹೃದಯ ಬಹಳ ಬೇಗ ಲಯ ತಪ್ಪುತ್ತದೆ. ಲಿಗ್ನೊಕೇನ್ ಅಥವಾ ಅಮಿಯೊಡರೋನ್ ಮೊದಲೇ ಹರಿಯುತ್ತಿರಲಿ, ಡಿಫಿಬ್ರಿಲೇಟರ್‌ನ ಪ್ಯಾಡ್ ಎದೆಗೆ ಅಂಟಿರಲಿ. ಪ್ರತಿ ಚಿತ್ರದಲ್ಲೂ ಅಳತೆಗೆ ಕ್ಯಾತಿಟರ್ ತುದಿ ಕಾಣಲಿ. ಯಾವ ಒತ್ತಡಕ್ಕೆ ಎಷ್ಟು ಸೆಕೆಂಡ್ ಊದಿದಿರಿ ಎಂದು ಗಟ್ಟಿಯಾಗಿ ಹೇಳಿ, ಇನ್ನೊಬ್ಬರು ಬರೆಯಲಿ. ಸಿ-ಆರ್ಮ್‌ಗೂ ಅರಿವಳಿಕೆ ಯಂತ್ರಕ್ಕೂ ಯುಪಿಎಸ್ ಇರಲೇಬೇಕು. ಬೆಂಗಳೂರಿನ ಮೇ ತಿಂಗಳ ಮಳೆಗೆ ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಗಿ, ಬಲೂನು ಊದಿದ ಸ್ಥಿತಿಯಲ್ಲೇ ಪರದೆ ಕತ್ತಲಾದ ಒಂದು ದಿನ ನನಗಿನ್ನೂ ನೆನಪಿದೆ.

ಹೆಜ್ಜೆ 9: ರಾತ್ರಿ

ಎಲ್ಲರೂ ಮನೆಗೆ ಹೋಗುವ ಹೊತ್ತಿಗೆ ಪ್ರಾಣಿಗೆ ನೋವು ಶುರುವಾಗುತ್ತದೆ. ಯಾರು ಉಳಿಯುತ್ತಾರೆ ಎಂಬುದು ಬೆಳಿಗ್ಗೆಯೇ ಬೋರ್ಡಿನ ಮೇಲೆ ಬರೆದಿರಬೇಕು. ನೋವಿನ ಔಷಧಿ ಗಡಿಯಾರ ನೋಡಿ ಕೊಡಬೇಕು, ಪ್ರಾಣಿ ನರಳಲಿ ಎಂದು ಕಾಯಬಾರದು. ಕುರಿಯಂತೂ ನರಳುವುದೇ ಇಲ್ಲ. ದುರ್ಬಲವೆಂದು ತೋರಿಸಿಕೊಂಡರೆ ತೋಳದ ಬಾಯಿಗೆ ಬೀಳುವ ಜೀವ ಅದು. ನಮ್ಮಲ್ಲಿ ಕುರಿ ನೋಡಿಕೊಳ್ಳುತ್ತಿದ್ದ ಅಣ್ಣ ಶಿರಾ ಕಡೆಯವರು, ಹುಟ್ಟಿನಿಂದ ಕುರಿಗಾಹಿ. ಒಂದು ಸಂಜೆ ಮಾನಿಟರ್ ಎಲ್ಲ ಸರಿಯಾಗಿ ತೋರಿಸುತ್ತಿದ್ದಾಗ ಬಂದು, "ಡಾಕ್ಟ್ರೇ, ಇದು ಮಧ್ಯಾಹ್ನದಿಂದ ಮೆಲುಕು ಹಾಕಿಲ್ಲ ನೋಡಿ" ಎಂದರು. ತೊಡೆಯ ಬಳಿ ಒಳಗೊಳಗೇ ರಕ್ತ ಸೋರುತ್ತಿತ್ತು. ಆ ಕುರಿ ಉಳಿಯಿತು. ಅಂದಿನಿಂದ ನಮ್ಮ ದಾಖಲೆ ಹಾಳೆಯಲ್ಲಿ ನಾಡಿ, ಉಸಿರು, ಉಷ್ಣತೆಯ ಪಕ್ಕ ಮೆಲುಕಿಗೂ ಒಂದು ಕಾಲಂ ಇದೆ. ಕಿವಿ ಜೋತಿದೆಯಾ, ಗೋಡೆ ಕಡೆ ಮುಖ ಮಾಡಿ ನಿಂತಿದೆಯಾ, ಹಿಂಗಾಲಿನ ಪಾದ ತಣ್ಣಗಿದೆಯಾ ಎಂಬುದನ್ನೂ ಬರೆಯಿರಿ.

ಯಾವ ಸ್ಥಿತಿಗೆ ಬಂದರೆ ಪ್ರಯೋಗ ನಿಲ್ಲಿಸಿ ಪ್ರಾಣಿಗೆ ನೋವಿಲ್ಲದ ಸಾವು ಕೊಡುತ್ತೀರಿ ಎಂಬುದು ಅರ್ಜಿಯಲ್ಲೇ ಇರಬೇಕು. ಆ ಗಳಿಗೆಯಲ್ಲಿ ಪಶುವೈದ್ಯರ ಮಾತೇ ಅಂತಿಮ. "ಇನ್ನೆರಡು ದಿನ ತಳ್ಳಿದರೆ 28 ಆಗುತ್ತೆ" ಎಂಬ ಒತ್ತಡಕ್ಕೆ ಮಣಿಯಬೇಡಿ.

ಹೆಜ್ಜೆ 10: ನಾಳವನ್ನು ಓದುವುದು

ಕೊನೆಯ ದಿನ ಮತ್ತೆ ಪೂರ್ಣ ಅರಿವಳಿಕೆ, ಆಂಜಿಯೋಗ್ರಾಂ, ಸಾಧ್ಯವಾದರೆ ಒಸಿಟಿ (ಬೆಳಕಿನಿಂದ ನಾಳದ ಒಳಗೋಡೆಯ ಚಿತ್ರ ತೆಗೆಯುವ ವಿಧಾನ). ಅರಿವಳಿಕೆಯ ಆಳದಲ್ಲೇ ಪ್ರಾಣಿಯನ್ನು ಮುಗಿಸಿ, ಸಲೈನ್ ಹರಿಸಿ ರಕ್ತ ತೊಳೆದು, ಸುಮಾರು 100 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಫಾರ್ಮಲಿನ್ ಹರಿಸಿ. ಒತ್ತಡವಿಲ್ಲದೆ ಡಬ್ಬಿಗೆ ಹಾಕಿದ ನಾಳ ಕುಗ್ಗಿ ಮುದುಡುತ್ತದೆ, ಅದರ ಅಳತೆ ಸುಳ್ಳು ಹೇಳುತ್ತದೆ. ಲೋಹದ ಸ್ಟೆಂಟ್ ಇರುವ ನಾಳವನ್ನು ಮೇಣದಲ್ಲಿ ಇಟ್ಟು ಕತ್ತರಿಸಲಾಗುವುದಿಲ್ಲ, ಗಟ್ಟಿ ರಾಳದಲ್ಲಿ ಕೂರಿಸಬೇಕು. ಈ ಸೌಲಭ್ಯ ಇರುವ ಪ್ರಯೋಗಾಲಯವನ್ನು ಸ್ಟೆಂಟ್ ಇಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಹೊಸ ಪದರದ ಜೊತೆಗೆ ಪ್ರತಿ ತಂತಿಯ ಕೆಳಗೆ ಗಾಯ ಎಷ್ಟು ಆಳ ಎಂದು 0ಯಿಂದ 3ರವರೆಗೆ ಅಂಕ ಹಾಕಿಸಿ. ಗಾಯ ಆಳವಾದಲ್ಲಿ ಪದರ ದಪ್ಪ. ಅಂಕವಿಲ್ಲದೆ ಎರಡು ಸ್ಟೆಂಟ್‌ಗಳನ್ನು ಹೋಲಿಸಿದರೆ ನೀವು ಹೋಲಿಸುತ್ತಿರುವುದು ಬಲೂನು ಊದಿದವರ ಕೈಯನ್ನು. ಶ್ವಾಸಕೋಶ, ಮೂತ್ರಪಿಂಡ, ಸಾಧನದ ಮುಂದಿನ ಸ್ನಾಯುಗಳನ್ನೂ ಪ್ಯಾಥಾಲಜಿಗೆ ಕಳಿಸಿ. ಕಳಚಿ ಹೋದ ಚೂರುಗಳು ಅಲ್ಲಿ ಸಿಗುತ್ತವೆ.

ಫಲಿತಾಂಶ ಓದುವಾಗ ಸಿಲಾಜಪ್ರಿಲ್ ನೆನಪಿರಲಿ. ಬಲೂನಿನಿಂದ ಉಜ್ಜಿದ ಇಲಿಯ ಕೆರೋಟಿಡ್‌ನಲ್ಲಿ ಈ ರಕ್ತದೊತ್ತಡದ ಮಾತ್ರೆ ಹೊಸ ಪದರವನ್ನು ಗಣನೀಯವಾಗಿ ತಡೆದದ್ದು 1989ರಲ್ಲಿ ಪ್ರಕಟವಾಯಿತು. ಮರ್ಕೇಟರ್ ಎಂಬ ಅಧ್ಯಯನದಲ್ಲಿ ಮನುಷ್ಯರಿಗೆ ಕೊಟ್ಟಾಗ, ಆಂಜಿಯೋಪ್ಲಾಸ್ಟಿಯ ನಂತರ ನಾಳ ಮತ್ತೆ ಕಿರಿದಾಗುವುದನ್ನು ತಡೆಯಲಿಲ್ಲ. ಇಲಿ ಸುಳ್ಳು ಹೇಳಿರಲಿಲ್ಲ. ಆರೋಗ್ಯವಂತ ಎಳೆಯ ನಾಳದ ಬಗ್ಗೆ ಅದು ನಿಜವನ್ನೇ ಹೇಳಿತ್ತು. ನಿಮ್ಮ ಹಂದಿ ಹೇಳುವುದೂ ಅಷ್ಟೇ. "ಸಾಧನ ಸುರಕ್ಷಿತವಾಗಿ ತಲುಪಿತು, 90 ದಿನ ನಾಳ ತೆರೆದಿತ್ತು" ಎಂದು ಬರೆಯಿರಿ. "ರೋಗ ಗುಣವಾಗುತ್ತದೆ" ಎಂದು ಬರೆಯಬೇಡಿ.

ವರದಿಗೆ 2020ರ ಅರೈವ್ 2.0, ಅಂದರೆ ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನಿರಬೇಕು ಎನ್ನುವ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎಷ್ಟು ಪ್ರಾಣಿ ಬಂದವು, ಅರಿವಳಿಕೆಯಲ್ಲೇ ಎಷ್ಟು ಹೋದವು, ಯಾವುದನ್ನು ಏಕೆ ಲೆಕ್ಕದಿಂದ ಕೈಬಿಟ್ಟಿರಿ, ಎಲ್ಲವೂ ಸಂಖ್ಯೆ ಸಮೇತ ಇರಲಿ. ಕೆಲಸ ಮಾಡದ ಸಾಧನದ ಫಲಿತಾಂಶವನ್ನೂ ಪ್ರಕಟಿಸಿ, ಇಲ್ಲದಿದ್ದರೆ ಇದೇ ಊರಿನ ಇನ್ನೊಂದು ಮೂಲೆಯಲ್ಲಿ ಇನ್ನೊಂದು ತಂಡ ಅದೇ ತಪ್ಪಿಗೆ ಇನ್ನಷ್ಟು ಹಂದಿಗಳನ್ನು ತರಿಸುತ್ತದೆ. ಮುಗಿಸುವ ಅಗತ್ಯವಿಲ್ಲದ ಕುರಿಗಳ ಪುನರ್ವಸತಿಗೆ ಹಣವನ್ನು ಬಜೆಟ್‌ನಲ್ಲೇ ಎತ್ತಿಡಿ, ಮೇವು ಮತ್ತು ಪಶುವೈದ್ಯರ ಭೇಟಿಯ ಖರ್ಚೂ ಸೇರಿ.